ಹುಲಿಕೆರೆ ಗಿಡ್ಡಮ್ಮನ ಮೂರನೇ ಹೆಬ್ಬೆಟ್ಟು

ಇಪ್ಪತ್ತೆರಡು ವರ್ಷ ಅರ್ಜಿ ಬರೆದ ಕೈಗೆ ಒಂದು ದೆವ್ವದ ಕಥೆ ಬರೆಯುವುದು ಏನು ಮಹಾ ಎಂದು ಹಳೇಬೀಡಿನ ಚಂದ್ರರಾಜಯ್ಯನವರಿಗೆ ಅನ್ನಿಸಿತಲ್ಲ, ಎಲ್ಲ ಅನಾಹುತಕ್ಕೂ ಅದೇ ಮೂಲ. ಹಾಗನ್ನಿಸದೇ ಇದ್ದಿದ್ದರೆ ಹುಲಿಕೆರೆಯ ಗಿಡ್ಡಮ್ಮ ಸರ್ಕಾರದ ಕಾಗದದಲ್ಲಿ ಒಂದೇ ಸಲ ಸತ್ತು ಸುಮ್ಮನಿರುತ್ತಿದ್ದಳು. ಇವರ ಕೃಪೆಯಿಂದ ಎರಡು ಸಲ ಸತ್ತಳು. ಎರಡನೆಯ ಸಲ ಸಾಯುವಾಗ ತನ್ನದೇ ಹೆಬ್ಬೆಟ್ಟು ಒತ್ತಿ ಸತ್ತಳು.

ಚಂದ್ರರಾಜಯ್ಯನವರು ಬೆಳಗಿನ ಬಸ್ಸಿಗೆ ಬೇಲೂರಿಗೆ ಹೋಗುವವರು. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಮನೆಯಿಲ್ಲದವರಿಗೆ ನಿವೇಶನ ಹಂಚಲೆಂದು ಅಲ್ಲೊಂದು ವಿಶೇಷ ಕಚೇರಿ ತೆರೆದಿದ್ದರು, ಬಾಡಿಗೆ ಮನೆಯ ಮಹಡಿಯ ಮೇಲೆ. ಅದರ ಎದುರಿನ ಹೊಂಗೆ ಮರದ ಕೆಳಗೆ ಇವರ ಚಾಪೆ, ಚಾಪೆಯ ಮೇಲೆ ಇಳಿಜಾರು ಮೇಜು, ಮೇಜಿನ ಮೇಲೆ ಶಾಯಿ ಕುಡಿಕೆ ಮತ್ತು ಹೆಬ್ಬೆಟ್ಟು ಒತ್ತಿಸುವ ಪ್ಯಾಡು. ಅಕ್ಷರವೋ, ಮುತ್ತು ಪೋಣಿಸಿದ ಹಾಗೆ. ಸಂಜೆ ಐದರ ಬಸ್ಸಿಗೆ ಮಾತ್ರ ಅವರು ಊರು ಬಿಡಲೇಬೇಕು. ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಹೆಂಡತಿ ಕಾಂಚನಮಾಲಾ ಬಾಗಿಲಲ್ಲಿ ನಿಂತು ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಸೂರ್ಯನ ಮೇಲೆ ಇಟ್ಟಿರುತ್ತಿದ್ದರು. ಉಂಡು ಎಂಟು ಗಂಟೆಗೆ ಮಲಗಿದರೆ ಇವರಿಗೆ ಎಚ್ಚರವಾಗುವುದು ಕೋಳಿ ಕೂಗಿದ ಮೇಲೆಯೇ. ಹೀಗಾಗಿ ರಾತ್ರಿ ಹೇಗಿರುತ್ತದೆ ಎಂಬುದು ಅವರಿಗೆ ಬೇರೆಯವರು ಹೇಳಿ ಗೊತ್ತೇ ಹೊರತು ಸ್ವಂತ ಅನುಭವ ಸಾಲದು. ಕತ್ತಲಲ್ಲಿ ಹಿತ್ತಿಲಿಗೆ ಹೋಗುವ ಸಂದರ್ಭ ಬಂದರೆ ಹೆಂಡತಿ ಲಾಟೀನು ಹಿಡಿದು ಮುಂದೆ ನಡೆಯಬೇಕಿತ್ತು. ಇಂಥ ಧೀರರು ದೆವ್ವದ ಕಥೆಗೆ ಕೈ ಹಾಕಿದರು.

ಹಾಕುವುದಕ್ಕೆ ಕಾರಣವಿತ್ತು. ಒಂದು ಭಾನುವಾರ ಬಸದಿಯಲ್ಲಿ ಪೂಜೆ ಮುಗಿಸಿ ಎಲ್ಲರೂ ಹೊರಗೆ ನಿಂತಿದ್ದಾಗ ಪರವೂರಿನ ನೆಂಟರೊಬ್ಬರಿಗೆ ಯಾರೋ ಪರಿಚಯ ಮಾಡಿಸಿದರು: “ಇವರು ಮೇಷ್ಟ್ರು, ಇವರು ಲೇಖಕರು, ಇವರು ನಮ್ಮ ಅರ್ಜಿ ಚಂದ್ರರಾಜಯ್ಯ.” ಆ ಲೇಖಕರು ಇಡೀ ಜನ್ಮದಲ್ಲಿ ಬರೆದದ್ದು ಎರಡು ಪುಸ್ತಕ. ಚಂದ್ರರಾಜಯ್ಯನವರು ತಿಂಗಳಿಗೆ ಅಷ್ಟು ಕಾಗದ ತುಂಬಿಸುತ್ತಿದ್ದರು. ಹೊಟ್ಟೆ ಉರಿಯದೇ ಇದ್ದೀತೇ?

ಅದೇ ವಾರ ಮಗಳು ಚಂದ್ರಮತಿ ಓದುತ್ತಿದ್ದ ‘ಕಿಶೋರ ಕೌತುಕ’ ಕೈಗೆ ಸಿಕ್ಕಿತು. ಅರಸೀಕೆರೆಯ ಸ್ಟೇಷನ್ ರಸ್ತೆಯ ಪ್ರೆಸ್ಸೊಂದರಲ್ಲಿ ಅಚ್ಚಾಗಿ, ರೈಲು ಹತ್ತಿ ಊರೂರಿಗೆ ಹೋಗುತ್ತಿದ್ದ ಮಾಸಪತ್ರಿಕೆ ಅದು. ಒಂಬತ್ತನೇ ಕ್ಲಾಸಿನ ಚಂದ್ರಮತಿಯೂ ಅವಳ ಗೆಳತಿಯರೂ ಕಿತ್ತಾಡಿಕೊಂಡು ಓದುತ್ತಿದ್ದರು. ಅದರಲ್ಲೊಂದು ಪ್ರಕಟಣೆ: ‘ಹದಿಮೂರರಿಂದ ಹದಿನೆಂಟರ ಓದುಗರ ಎದೆ ನಡುಗಿಸುವ ದೆವ್ವದ ಕಥೆ ಬೇಕಾಗಿದೆ. ಗೆದ್ದವರಿಗೆ ವರ್ಷವಿಡೀ ಧಾರಾವಾಹಿ ಬರೆಯುವ ಅವಕಾಶ.’

ಚಂದ್ರರಾಜಯ್ಯನವರು ಹಳೆಯ ಸಂಚಿಕೆಯ ಕಥೆಯೊಂದನ್ನು ಓದಿ ಮೂಗು ಮುರಿದರು. “ಇದೇನು ಬರವಣಿಗೆ? ದೆವ್ವ ಅಂತಾನೆ. ಯಾವೂರ ದೆವ್ವ? ಯಾರ ಹೆಂಡತಿ? ಎಷ್ಟು ವರ್ಷದಿಂದ ಅಲ್ಲಿ ವಾಸ? ಒಂದಾದರೂ ವಿವರ ಐತಾ ಇದರಲ್ಲಿ?”

“ಬಸದೀಲಿ ಪೂಜೆ ಮಾಡೋ ಕೈಯಲ್ಲಿ ಪಿಶಾಚಿ ವಿಷಯ ಬರೀಬೇಡಿ ರೀ,” ಎಂದರು ಕಾಂಚನಮಾಲಾ. ಆದರೆ ಆ ಕೈ ಆಗಲೇ ಬರೆಯತೊಡಗಿತ್ತು. ವಾರ ಕಳೆದು, ಮಟಮಟ ಮಧ್ಯಾಹ್ನ, ಜಗಲಿಯ ಮೇಲೆ ಮಗಳನ್ನೂ ಅವಳ ಇಬ್ಬರು ಗೆಳತಿಯರನ್ನೂ ಕೂರಿಸಿಕೊಂಡು ಓದಿದರು:

“‘ಮಾನ್ಯರೇ, ಬೇಲೂರು ತಾಲ್ಲೂಕು ಹಳೇಬೀಡು ಹೋಬಳಿ ಹುಲಿಕೆರೆ ಗ್ರಾಮದ ಪಿಶಾಚಿಯಾದ ನಾನು ಮಾಡಿಕೊಳ್ಳುವ ವಿಜ್ಞಾಪನೆ ಏನೆಂದರೆ, ನಾನು ಮೃತಳಾಗಿ ಹನ್ನೆರಡು ವರ್ಷಗಳು ಸಂದಿದ್ದು, ಅಂದಿನಿಂದ ಇಂದಿನವರೆಗೆ ಸದರಿ ಗ್ರಾಮದ ಕೊಳದಲ್ಲಿ ಯಾರ ಅಡ್ಡಿ ಆತಂಕವೂ ಇಲ್ಲದೆ ಸ್ವಾಧೀನಾನುಭವದಲ್ಲಿರುತ್ತೇನೆ. ಸದರಿ ಕೊಳಕ್ಕೆ ಪೂರ್ವಕ್ಕೆ ಹೊಲ, ಪಶ್ಚಿಮಕ್ಕೆ ಓಣಿ...’”

ಹುಡುಗಿಯರು ಬಾಯಿಗೆ ಲಂಗದ ಅಂಚು ತುರುಕಿಕೊಂಡರು. ಚಂದ್ರಮತಿ ಮಾತ್ರ ಅಪ್ಪನ ಮೇಲಿನ ಪ್ರೀತಿಯಿಂದ ಕೊನೆಯವರೆಗೂ ತಡೆದುಕೊಂಡಳು.

“ಅಪ್ಪಾ, ಈ ದೆವ್ವ ಕಂಡ್ರೆ ಹೆದರಿಕೆ ಆಗಲ್ಲ. ಅಯ್ಯೋ ಪಾಪ, ಯಾವಾಗ ಮಂಜೂರಾಗುತ್ತೋ ಅನ್ಸುತ್ತೆ.”

“ಅಲ್ಲಮ್ಮಾ, ದಿಕ್ಕು ದಿಕ್ಕಿಗೂ ಏನಿದೆ ಅಂತ ಹೇಳದೇ ಇದ್ದರೆ ದೆವ್ವ ಎಲ್ಲಿದೆ ಅಂತ ಹ್ಯಾಗೆ ಗೊತ್ತಾಗಬೇಕು?”

“ಗೊತ್ತಾಗಬಾರದಪ್ಪಾ! ಎಲ್ಲಿದೆ ಅಂತ ಗೊತ್ತಾಗದೇ ಇದ್ದರೇ ಭಯ. ಹೋಗ್ಲಿ, ಅದಕ್ಕೊಂದು ಹೆಸರಾದ್ರೂ ಇಡಿ.”

ಉಳಿದ ಟೀಕೆಯನ್ನೆಲ್ಲ ಅಪ್ರಬುದ್ಧರ ಮಾತೆಂದು ತಳ್ಳಿಹಾಕಿ, ಹೆಸರಿನ ಸಲಹೆಯೊಂದನ್ನು ಮಾತ್ರ ಅವರು ಸ್ವೀಕರಿಸಿದರು. ಆದರೆ ಹೆಸರು ಹೊಳೆಯಲಿಲ್ಲ. ಕಥೆ ಅಂಚೆಗೆ ಹಾಕಲು ಕಡೆಯ ದಿನ ಬಂದರೂ ಹೊಳೆಯಲಿಲ್ಲ. ಆ ಶುಕ್ರವಾರ ಹೊಂಗೆ ಮರದ ಕೆಳಗೆ ಪೆನ್ನು ಕಚ್ಚುತ್ತಾ ಕೂತಿದ್ದಾಗ ಹುಲಿಕೆರೆಯ ಗಿಡ್ಡಮ್ಮ ಬಂದು ಎದುರಿಗೆ ಕುಕ್ಕರಿಸಿದಳು. ಅರವತ್ತೈದರ ಒಂಟಿ ಹೆಂಗಸು, ಗಂಡ ದ್ಯಾವಯ್ಯ ಹೋಗಿ ಬಹಳ ಕಾಲವಾಗಿತ್ತು.

“ಸ್ವಾಮಿ, ನಾನು ಸತ್ತೋಗಿವ್ನಂತೆ. ಬದುಕಿಸಿಕೊಡಬೇಕು,” ಎಂದಳು.

ಹುಲಿಕೆರೆಯಲ್ಲಿ ಇಬ್ಬರು ಗಿಡ್ಡಮ್ಮಂದಿರಿದ್ದರು. ಒಬ್ಬಳು ಹೋದ ವರ್ಷ ತೀರಿಕೊಂಡಳು. ನಿವೇಶನದ ಪಟ್ಟಿ ಬರೆದ ಪುಣ್ಯಾತ್ಮ ‘ಮೃತ’ ಎಂಬ ಷರಾವನ್ನು ಉಳಿದವಳ ಮುಂದೆ ಬರೆದಿದ್ದ. ಇವಳಿಗೆ ಇದ್ದದ್ದು ಅಕ್ಕನ ಮೊಮ್ಮಗನ ಕೊಟ್ಟಿಗೆಯ ಒಂದು ಮೂಲೆ. ಅವನೂ ಯುಗಾದಿಯೊಳಗೆ ಜಾಗ ಬಿಡು, ಎಮ್ಮೆ ತರ್ತೀನಿ ಅಂದುಬಿಟ್ಟಿದ್ದ. ಈ ನಿವೇಶನ ಸಿಗದಿದ್ದರೆ ಅವಳು ಹೋಗಲು ಬೇರೆ ಜಾಗವೇ ಇರಲಿಲ್ಲ. ಪಟ್ಟಿ ಮುಂದಿನ ತಿಂಗಳ ಮೊದಲ ಶನಿವಾರ ಸಂಜೆ ಐದಕ್ಕೆ ಮುಗಿಯುವುದಿತ್ತು. ಆಮೇಲೆ ಬ್ರಹ್ಮ ಬಂದರೂ ತಿದ್ದುವ ಹಾಗಿಲ್ಲ.

ಚಂದ್ರರಾಜಯ್ಯನವರು “ಸದರಿ ಗ್ರಾಮದ ಖಾಯಂ ವಾಸಿಯಾದ” ಎಂದು ಶುರು ಮಾಡಿದರೆ ಗಿಡ್ಡಮ್ಮ ಕೈ ಅಡ್ಡ ಹಿಡಿದಳು. “ಅದೆಲ್ಲ ಬ್ಯಾಡಿ. ನಂಗೇ ತಿಳೀದ ಮಾತು ಅವ್ರಿಗೇನ್ ತಿಳೀತದೆ? ನಾ ಹೇಳಿದಂಗೆ ಬರೀರಿ.” ಮನಸ್ಸೆಲ್ಲ ಕಥೆಯ ಮೇಲಿದ್ದುದರಿಂದ ಅವರು ವಾದಕ್ಕೆ ಹೋಗದೆ ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡರು. ಬರೆಯುವ ಮೊದಲೇ ಎರಡು ಖಾಲಿ ಹಾಳೆಯ ಬುಡದಲ್ಲಿ ಅವಳ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಇದು ತಪ್ಪು. ಆದರೆ ಹೊಂಗೆ ಮರದ ಕೆಳಗೆ ಎಲ್ಲರೂ ಮಾಡುತ್ತಿದ್ದ ತಪ್ಪು. ಅರ್ಜಿಯನ್ನು ನೀವೇ ಕಚೇರಿಗೆ ಕೊಟ್ಟುಬಿಡಿ ಎಂದು ಕೈಮುಗಿದು ಗಿಡ್ಡಮ್ಮ ಊರಿನ ಬಸ್ಸು ಹಿಡಿದಳು.

ಅವಳು ಅತ್ತ ಹೋದದ್ದೇ ತಡ, ಇವರಿಗೆ ಹೆಸರು ಹೊಳೆಯಿತು. ಅರ್ಜಿದಾರರು ಎದುರಿಗೆ ಬಂದು ಕೂರದೆ ಅಕ್ಷರ ಮೂಡದ ಕೈಯಲ್ಲವೇ? ‘ಗಿಡ್ಡಮ್ಮ, ದಿವಂಗತ ದ್ಯಾವಯ್ಯನವರ ಹೆಂಡತಿ’ ಎಂದು ಕಥೆಯ ದೆವ್ವಕ್ಕೆ ನಾಮಕರಣವಾಯಿತು. ಕಥೆಯ ಕೊನೆಯ ಪುಟಕ್ಕೆ ಹಾಳೆ ಸಾಲಲಿಲ್ಲ. ಹೆಬ್ಬೆಟ್ಟಿನ ಇನ್ನೊಂದು ಹಾಳೆ ಮಿಕ್ಕಿತ್ತು. ಹೆಬ್ಬೆಟ್ಟೊಂದಿದ್ದರೆ ದೆವ್ವಕ್ಕೆ ಇನ್ನಷ್ಟು ಕಳೆ ಬಂದೀತೆಂದು ಅದರಲ್ಲೇ ಮುಗಿಸಿದರು. ಅಭ್ಯಾಸಬಲದಿಂದ ಕೋರ್ಟ್ ಫೀ ಸ್ಟಾಂಪನ್ನು ಎರಡಕ್ಕೂ ಅಂಟಿಸಿದರು. ಅಷ್ಟರಲ್ಲಿ ಐದರ ಬಸ್ಸು ಹಾರನ್ನು ಹೊಡೆಯಿತು. ಸೂರ್ಯ, ಹೆಂಡತಿ, ತಟ್ಟೆ ಮೂರೂ ಒಟ್ಟಿಗೆ ಕಣ್ಣ ಮುಂದೆ ಬಂದು, ಎರಡು ಲಕೋಟೆಗೆ ಎರಡನ್ನೂ ತುರುಕಿ, ಒಂದನ್ನು ಕಚೇರಿಯ ಟಪಾಲು ಪೆಟ್ಟಿಗೆಗೂ ಇನ್ನೊಂದನ್ನು ಅಂಚೆ ಡಬ್ಬಕ್ಕೂ ಹಾಕಿ ಓಡಿದರು. ಯಾವುದು ಯಾವುದಕ್ಕೆ ಹೋಯಿತು ಎಂದು ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಚಂದ್ರರಾಜಯ್ಯನವರಿಗೆ ಮಾತ್ರ ಇಪ್ಪತ್ತು ದಿನ ಗೊತ್ತಾಗಲಿಲ್ಲ.

ಗೊತ್ತಾದದ್ದು ಪಟ್ಟಿ ಮುಗಿಯಲು ಎರಡು ದಿನವಿರುವಾಗ, ಗುರುವಾರ. ಕಾಲುನೋವೆಂದು ಆ ದಿನ ಅವರು ಮನೆಯಲ್ಲೇ ಇದ್ದರು. ನಿವೇಶನ ಕಚೇರಿಯ ಇನ್‌ಸ್ಪೆಕ್ಟರ್ ಚಿಕ್ಕಣ್ಣ ಹುಲಿಕೆರೆಯಿಂದ ನೇರವಾಗಿ ಇವರ ಜಗಲಿಗೆ ಬಂದು, ಕೇಳದೆ ಕೂತು, ಒಂದು ಚೊಂಬು ನೀರನ್ನು ಒಂದೇ ಗುಟುಕಿಗೆ ಕುಡಿದ. ಮುಖದಲ್ಲಿ ರಕ್ತವಿರಲಿಲ್ಲ.

“ಚಂದ್ರರಾಜಯ್ಯನೋರೆ, ಎಂಥಾ ಅರ್ಜಿ ಬರ್ಕೊಟ್ರಿ ನೀವು! ಇದು ನಿಮ್ಮ ಅಕ್ಷರವೇ ಅಲ್ವಾ?”

ಕಡತ ಬಿಚ್ಚಿದರೆ ತಮ್ಮ ಕಥೆ! ಮೇಲೆ ಕೆಂಪು ಶಾಯಿಯಲ್ಲಿ ನಂಬರು, ಪಕ್ಕದಲ್ಲಿ ವಿಶೇಷಾಧಿಕಾರಿ ಸುಬ್ಬರಾಮಯ್ಯನವರ ಟಿಪ್ಪಣಿ: ‘ಸ್ಥಳ ತನಿಖೆ ಮಾಡಿ, ಅರ್ಜಿದಾರಳ ಹೇಳಿಕೆ ಪಡೆದು ವರದಿ ಸಲ್ಲಿಸಿ.’

“ಸತ್ತವಳ ಹೇಳಿಕೆ ನಾನು ಹ್ಯಾಗೆ ತಗೊಳ್ಳಲಿ ಸಾರ್ ಅಂದೆ,” ಎಂದ ಚಿಕ್ಕಣ್ಣ. “ಅದು ನಿಮ್ಮ ಕೆಲಸ ಕಣ್ರೀ ಅಂದ್ರು. ಮಂಗಳವಾರ ನಾಲ್ಕು ಜನ ಪಂಚರನ್ನ ಕರ್ಕೊಂಡು ಕೊಳದ ಹತ್ರ ಹೋದೆ. ಅವ್ರು ಯಾರೂ ಮೆಟ್ಟಿಲು ಇಳೀಲಿಲ್ಲ. ಸರ್ಕಾರಿ ನೌಕರ, ನಾನಿಳಿದೆ. ಕೆಳಗೆ ಒಂದು ಮುದುಕಿ ಬಟ್ಟೆ ಸೆಣೀತಾ ಇತ್ತು. ಯಾರನ್ನ ಹುಡುಕ್ತಿದ್ದೀಯಪ್ಪಾ ಅಂತು. ಗಿಡ್ಡಮ್ಮ ಅಂತ, ಸತ್ತೋಗವ್ಳೆ, ಇಲ್ಲೇ ಇರ್ತಾಳಂತೆ ಅಂದೆ. ನಾನೇ ಕಣಪ್ಪಾ ಅಂತು!”

“ಆಮೇಲೆ?”

“ಆಮೇಲೆ ಏನು? ಎರಡೆರಡು ಮೆಟ್ಟಿಲು ಹಾರ್ಕೊಂಡು ಮೇಲೆ ಬಂದೆ. ಪಂಚರು ನನಗಿಂತ ಮುಂದೆ ಓಡಿದ್ರು. ‘ಮೃತ ಗಿಡ್ಡಮ್ಮ ಎಂಬುವರು ಸದರಿ ಕೊಳದಲ್ಲೇ ಖುದ್ದು ಕಂಡುಬಂದಿರುತ್ತಾರೆ’ ಅಂತ ಮಹಜರು ಬರ್ದು ಕೊಟ್ಟಿದೀನಿ. ಇವತ್ತೂ ಅಲ್ಲಿಗೇ ಹೋಗು, ಆಯಮ್ಮನ್ನ ಕಚೇರಿಗೆ ಬರಹೇಳು ಅಂದ್ರು. ದೂರದಿಂದ ಕೂಗಿ ಹೇಳಿ ಬಂದೆ.”

“ಸಾಹೇಬರು ಏನಂದರು?”

“ಏನಂತಾರೆ? ಸತ್ತಿದೀನಿ ಅಂತ ಅವಳೇ ಹೆಬ್ಬೆಟ್ಟೊತ್ತಿ ಕೊಟ್ಟವ್ಳೆ. ಇನ್ನೇನು ಸಾಕ್ಷಿ ಬೇಕು? ಶನಿವಾರ ಪಟ್ಟಿಯಿಂದ ಹೆಸರು ತೆಗೆದುಹಾಕ್ತಾರಂತೆ. ಅರ್ಜಿ ಬರೆದೋರೂ ಬರಲಿ ಅಂದವ್ರೆ. ಬಂದುಬಿಡಿ.”

ಚಿಕ್ಕಣ್ಣ ಹೋದ ಮೇಲೆ ಚಂದ್ರರಾಜಯ್ಯನವರು ಬಹಳ ಹೊತ್ತು ಕಂಬಕ್ಕೆ ಒರಗಿ ಕೂತರು. ನಿಜ ಹೇಳಿದರೆ ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡ ಅಪರಾಧಕ್ಕೆ ಪೊಲೀಸು. ಹೇಳದಿದ್ದರೆ ಗಿಡ್ಡಮ್ಮನಿಗೆ ಬೀದಿ. ಕಾಂಚನಮಾಲಾ ಎಲ್ಲ ಕೇಳಿಸಿಕೊಂಡು, “ಅವಳ ನಿಜವಾದ ಅರ್ಜಿ ಅರಸೀಕೆರೇಲಿ ಇದೆ ತಾನೇ? ಬೆಳಗ್ಗೆ ಎದ್ದು ಹೋಗಿ ತನ್ನಿ. ಅದನ್ನ ಕಂಡ ಮೇಲೂ ಸತ್ತಳು ಅಂತಾರಾ?” ಎಂದರು. ಆ ಮನೆಯಲ್ಲಿ ಉಪಯೋಗಕ್ಕೆ ಬರುವ ಮಾತಾಡುತ್ತಿದ್ದವರು ಅವರೊಬ್ಬರೇ.

ಶುಕ್ರವಾರ ಜಾವಗಲ್, ಬಾಣಾವರದ ಮೇಲೆ ಬಸ್ಸು ಬದಲಿಸುತ್ತಾ ಅರಸೀಕೆರೆ ಮುಟ್ಟುವಾಗ ಮಧ್ಯಾಹ್ನ. ಸಂಪಾದಕ ಸಂಪತ್ಕುಮಾರ್ ಪ್ರೆಸ್ಸಿನ ಹಿಂದಿನ ಕೋಣೆಯಲ್ಲಿ ಪತ್ರಿಕೆಯ ಕಟ್ಟುಗಳ ನಡುವೆ ನಿಂತಿದ್ದರು. ಚಂದ್ರರಾಜಯ್ಯನವರು ಹೆಸರು ಹೇಳುವುದೇ ತಡ, ಎರಡೂ ಕೈ ಹಿಡಿದುಕೊಂಡರು.

“ಲಕೋಟೆ ಮೇಲೆ ವಿಳಾಸ ಇದ್ದವರು! ಹಳೇಬೀಡು! ಬನ್ನಿ ಸಾರ್ ಬನ್ನಿ. ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ದೆವ್ವದ ಕಥೆ ಹಾಕ್ತಾ ಇದೀನಿ. ಒಂದಕ್ಕಾದರೂ ನನ್ನ ಮೈ ಜುಮ್ಮೆಂದಿರಲಿಲ್ಲ. ಇದನ್ನ ಜೋಡಿಸುವಾಗ ನಮ್ಮ ಅಚ್ಚುಮೊಳೆ ಜೋಡಿಸೋನು ಒಬ್ಬನೇ ಕೂರಲಿಲ್ಲ ಸಾರ್, ನನ್ನನ್ನ ಪಕ್ಕದಲ್ಲಿ ಕೂರಿಸಿಕೊಂಡ. ನಿಮಗೇ ಬಹುಮಾನ, ನಿಮಗೇ ಧಾರಾವಾಹಿ!”

ಎಂದು ಸಂಚಿಕೆ ಬಿಡಿಸಿ ಗಟ್ಟಿಯಾಗಿ ಓದತೊಡಗಿದರು:

“‘ನಾನು ಸತ್ತಿಲ್ಲ. ಬೆಳಗ್ಗೆ ಎದ್ದು ಮುಖ ತೊಳೀತೀನಿ, ನೀರು ತಣ್ಣಗಿರ್ತದೆ. ಪಟ್ಟಿ ಓದೋವಾಗ ನನ್ನ ಹೆಸರು ಬಂತು. ಓ ಅಂದೆ. ಅವಳು ಸತ್ತವ್ಳೆ, ಮುಂದಿನ ಹೆಸರು ಓದು ಅಂದ್ರು. ಇಲ್ಲೇ ನಿಂತಿವ್ನಲ್ಲಾ ಅಂದೆ. ಒಬ್ರೂ ತಿರುಗಿ ನೋಡ್ಲಿಲ್ಲ. ಅವತ್ತಿಂದ ನಂಗೇ ಅನುಮಾನ. ನಾಯಿ ಬೊಗಳಿದ್ರೆ ಸಮಾಧಾನ ಆಯ್ತದೆ, ಅದಕ್ಕಾದ್ರೂ ಕಾಣ್ತಿವ್ನಲ್ಲಾ ಅಂತ. ದಿನಾ ಕೊಳಕ್ಕೆ ಬಗ್ಗಿ ನೋಡ್ತೀನಿ, ಮುಖ ಐತಾ ಅಂತ. ಐತೆ. ನಾಳೆ ಇರ್ತದಾ, ಗೊತ್ತಿಲ್ಲ...’”

ಸಂಪತ್ಕುಮಾರ್ ಮುಂದಕ್ಕೆ ಓದಲಾರದೆ ಕೈ ತೋರಿಸಿದರು, ರೋಮವೆಲ್ಲ ನಿಂತಿತ್ತು. ಕಥೆಯ ಕೊನೆಗೆ ಗಿಡ್ಡಮ್ಮನ ಹೆಬ್ಬೆಟ್ಟಿನ ಬ್ಲಾಕು ಮಾಡಿಸಿ ಅಂಗೈಯಗಲಕ್ಕೆ ಅಚ್ಚು ಹಾಕಿದ್ದರು. ಕೆಳಗೆ ‘ಹುಲಿಕೆರೆ ಗಿಡ್ಡಮ್ಮ’ ಎಂದು ಹೆಸರು.

“ಗಿಡ್ಡಮ್ಮ! ಎಂಥಾ ಕಾವ್ಯನಾಮ ಇಟ್ಕೊಂಡಿದೀರಿ ಸಾರ್! ನೀವೇ ಅಲ್ವಾ?”

ಚಂದ್ರರಾಜಯ್ಯನವರ ಜೀವಮಾನದಲ್ಲಿ ಅವರನ್ನು ಇಷ್ಟು ಗೌರವದಿಂದ ಯಾರೂ ನೋಡಿರಲಿಲ್ಲ. ಹೂಂ ಎಂದರೆ ಸಾಕು, ಮುಂದಿನ ಭಾನುವಾರ ಬಸದಿಯ ಮುಂದೆ ಅವರೂ ಲೇಖಕರು. ಬಾಯಿ ಅರ್ಧ ತೆರೆಯಿತು. ಹೂಂ ಎಂಬುದು ನಾಲಗೆಯ ತುದಿಗೂ ಬಂತು. ಅವರ ದುರದೃಷ್ಟಕ್ಕೆ ಕಣ್ಣು ಆ ಹೆಬ್ಬೆಟ್ಟಿನ ಮೇಲೆ ಬಿತ್ತು.

“ಮೂಲ ಹಾಳೆ ಕೊಡಿ,” ಎಂದರು. “ಅದು ಕಥೆಯಲ್ಲ. ಅರ್ಜಿ. ನಾಳೆ ಸಂಜೆಯೊಳಗೆ ಬೇಲೂರಲ್ಲಿರಬೇಕು.”

ಸಂಪತ್ಕುಮಾರ್ ನಿಧಾನವಾಗಿ ಕೂತರು. ಹಾಳೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಮೊಳೆ ಜೋಡಿಸುವವನಿಗೆ ಕೊಡುವುದು ಪ್ರೆಸ್ಸಿನ ಪದ್ಧತಿ. ಕೆಲಸ ಮುಗಿದ ಪಟ್ಟಿಗಳಿಂದ ಮೊಳೆಯ ಮಸಿ ಒರೆಸಿ ಒಲೆಗೆ ಹಾಕಿಯಾಗಿತ್ತು. ಬ್ಲಾಕಿಗೆ ಕಳಿಸಿದ ಹೆಬ್ಬೆಟ್ಟಿನ ತುಂಡು ಬೆಂಗಳೂರಿನಿಂದ ವಾಪಸೇ ಬಂದಿರಲಿಲ್ಲ. ಗಿಡ್ಡಮ್ಮ ಬದುಕಿದ್ದಾಳೆ ಎಂಬುದಕ್ಕೆ ಉಳಿದದ್ದು ದೆವ್ವದ ಪತ್ರಿಕೆಯ ಒಂದು ಪ್ರತಿ.

ಅದನ್ನೇ ಎದೆಗವಚಿಕೊಂಡು ಚಂದ್ರರಾಜಯ್ಯನವರು ಹಿಂದಿರುಗಿದರು. ಜಾವಗಲ್ ಇನ್ನೂ ಎರಡು ಮೈಲಿ ಇರುವಾಗ ಬಸ್ಸಿನ ಟೈರು ಠುಸ್ ಎಂದಿತು. ರಸ್ತೆಯ ಬದಿಯ ಕಲ್ಲಿನ ಮೇಲೆ ಕೂತು, ತೆಂಗಿನ ಮರಗಳ ಹಿಂದೆ ಸೂರ್ಯ ಇಷ್ಟಿಷ್ಟೇ ಇಳಿಯುವುದನ್ನೂ, ಅದರ ಜೊತೆ ತಮ್ಮ ಊಟ ಇಳಿದುಹೋಗುವುದನ್ನೂ ನೋಡಿದರು. ಮನೆಗೆ ಬಂದಾಗ ಕಾಂಚನಮಾಲಾ ಮುಚ್ಚಿಟ್ಟ ತಟ್ಟೆಯನ್ನು ಎತ್ತಿಟ್ಟರು. ತಾವೂ ಉಂಡಿರಲಿಲ್ಲ.

ಶನಿವಾರ ಮಧ್ಯಾಹ್ನ ಮೂರೂವರೆಗೆ ಕಚೇರಿಯ ಮಹಡಿಯಲ್ಲಿ ಕರೆ ಬಂತು. ಸುಬ್ಬರಾಮಯ್ಯನವರು ಲಂಚ ಮುಟ್ಟದ, ನಿಯಮ ಬಿಡದ, ನಗದ ಮನುಷ್ಯರು. ಎದುರಿಗೆ ಗಿಡ್ಡಮ್ಮ ಕೈಮುಗಿದು ನಿಂತಿದ್ದಳು. ಅವಳಿಂದ ಮೂರು ಮಾರು ದೂರದಲ್ಲಿ, ಬಾಗಿಲ ಹತ್ತಿರವೇ ಚಿಕ್ಕಣ್ಣ.

“ಸ್ವಾಮಿ, ನಾನು ಇಲ್ಲೇ ನಿಂತಿವ್ನಿ,” ಎಂದಳು ಗಿಡ್ಡಮ್ಮ.

“ನಿಂತಿದೀಯಮ್ಮಾ, ಕಣ್ಣಿಗೆ ಕಾಣಿಸ್ತಾ ಇದೆ,” ಎಂದರು ಸುಬ್ಬರಾಮಯ್ಯ. “ನನ್ನ ಕಣ್ಣಿಗೆ ಕಂಡದ್ದನ್ನ ಕಡತಕ್ಕೆ ಹಾಕಕ್ಕಾಗಲ್ಲ. ಕಡತದಲ್ಲಿರೋದು ನಿನ್ನ ಹೆಬ್ಬೆಟ್ಟು. ಪಡಿತರ ಚೀಟಿ ಜೊತೆ ತಾಳೆ ನೋಡಿದೀವಿ, ನಿಂದೇ. ಹನ್ನೆರಡು ವರ್ಷದ ಹಿಂದೆ ಸತ್ತೆ ಅಂತ ನೀನೇ ಹೇಳಿದೀಯ. ಏನ್ರೀ ಚಂದ್ರರಾಜಯ್ಯ, ಇದು ನೀವು ಬರೆದದ್ದು ತಾನೇ?”

ಗೋಡೆ ಗಡಿಯಾರದ ಟಿಕ್ ಟಿಕ್ ಚಂದ್ರರಾಜಯ್ಯನವರ ತಲೆಯೊಳಗೇ ಕೇಳುತ್ತಿತ್ತು. ಕೊನೆಗೆ ಕಣ್ಣು ಮುಚ್ಚಿ ಹೇಳಿಬಿಟ್ಟರು. ಕಥೆ, ಬಹುಮಾನದ ಆಸೆ, ಖಾಲಿ ಹಾಳೆ, ಐದರ ಬಸ್ಸು ಎಲ್ಲವನ್ನೂ ಹೇಳಿದರು. ಪತ್ರಿಕೆಯನ್ನು ಮೇಜಿನ ಮೇಲಿಟ್ಟರು. “ಇದು ಈಯಮ್ಮನ ನಿಜವಾದ ಅರ್ಜಿ ಸ್ವಾಮಿ. ಒಂದಕ್ಷರವೂ ನಂದಲ್ಲ.”

ಸುಬ್ಬರಾಮಯ್ಯನವರು ಕನ್ನಡಕ ಏರಿಸಿ ಓದಿದರು. ಓದುತ್ತಾ ಓದುತ್ತಾ ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡರು. ಪುಟ ತಿರುವಿದರು. ಅಲ್ಲಿ ಹೆಬ್ಬೆಟ್ಟು ಮಾತ್ರ ಇತ್ತು.

“ಮುಗೀತಾ? ಆಮೇಲೆ ಏನಾಯ್ತು?”

“ಆಮೇಲಿನದು ತಮ್ಮ ಕೈಲಿದೆ ಸ್ವಾಮಿ.”

ಸುಬ್ಬರಾಮಯ್ಯನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. “ಅಚ್ಚಾದ ಹೆಬ್ಬೆಟ್ಟು ಹೆಬ್ಬೆಟ್ಟಲ್ಲ ಕಣ್ರೀ. ಮಕ್ಕಳ ಪತ್ರಿಕೆ ನೋಡಿ ಆದೇಶ ಮಾಡಿದೆ ಅಂದ್ರೆ ನಾಳೆ ನನ್ನನ್ನೇ ಮನೆಗೆ ಕಳಿಸ್ತಾರೆ. ಹೊಸ ಅರ್ಜಿ ತಗೊಳ್ಳೋಣ ಅಂದ್ರೆ ಅವಧಿ ನಿನ್ನೆಗೇ ಮುಗೀತು. ಈ ಕಡತದೊಳಗೇ ದಾರಿ ಇದ್ದರೆ ಹೇಳಿ. ಐದಕ್ಕೆ ಪಟ್ಟಿಗೆ ಸಹಿ ಹಾಕ್ತೀನಿ.”

ನಾಲ್ಕೂ ಹತ್ತು. ಚಂದ್ರರಾಜಯ್ಯನವರು ತಮ್ಮದೇ ದೆವ್ವದ ಕಥೆಯನ್ನು ಮೊದಲಿನಿಂದ ಓದಿದರು. ನಾಲ್ಕೂ ಇಪ್ಪತ್ತು. ಎರಡನೆಯ ಸಲ ಓದಿದರು. ಲೇಖಕನಾಗಿ ಓದಿದಾಗ ಏನೂ ಹೊಳೆದಿರಲಿಲ್ಲ. ಮೂರನೆಯ ಸಲ ಹೊಂಗೆ ಮರದ ಕೆಳಗಿನ ಮನುಷ್ಯನಾಗಿ ಓದಿದರು. ಓದಿ, ಮೇಜಿನ ಮೇಲೆ ಎರಡೂ ಕೈ ಊರಿದರು.

“ಸ್ವಾಮಿ, ಈ ದೆವ್ವದ ಅರ್ಜೀನ ವಜಾ ಮಾಡಿ.”

“ಮಾಡಿದರೆ?”

“ಕೊಳ ಊರಿನವರದು, ಒಬ್ಬರಿಗೆ ಬಿಟ್ಟುಕೊಡಕ್ಕಾಗಲ್ಲ ಅಂತ ಬರೆದು ವಜಾ ಮಾಡಿ. ವಜಾ ಆದ ಮೇಲೆ ನಿಯಮ ಏನು? ಆದೇಶದ ಪ್ರತೀನ ಅರ್ಜಿದಾರರಿಗೆ ಖುದ್ದಾಗಿ ಕೊಟ್ಟು ಹೆಬ್ಬೆಟ್ಟು ತಗೋಬೇಕು. ಚಿಕ್ಕಣ್ಣ ‘ಈ ದಿನ ಅರ್ಜಿದಾರಳ ಕೈಗೇ ಕೊಟ್ಟೆ’ ಅಂತ ವರದಿ ಬರೀಬೇಕು. ಕಾಗದ ಕೈಯಲ್ಲಿ ತಗೊಂಡವಳು ಈ ದಿನ ಬದುಕಿರಲೇಬೇಕಲ್ಲ ಸ್ವಾಮಿ! ಅವಳು ಹಿಂದೆ ಏನೇ ಹೇಳಿರಲಿ, ಇದು ತಮ್ಮ ಕಚೇರಿಯ ದಾಖಲೆ.”

ಸುಬ್ಬರಾಮಯ್ಯನವರ ತುಟಿಯ ಒಂದು ಮೂಲೆ ಅಲುಗಿತು. ಕಚೇರಿ ತೆರೆದ ಮೇಲೆ ಅದು ಅಲುಗಿದ್ದು ಅದೇ ಮೊದಲು. ಟೈಪಿಸ್ಟನ್ನು ಕೂಗಿದರು.

ಆದೇಶ ಟೈಪಾಗುವಾಗ ನಾಲ್ಕೂ ನಲವತ್ತು. ಚಿಕ್ಕಣ್ಣ ಧೈರ್ಯ ಮಾಡಿ ತೋಳು ಪೂರ್ತಿ ಚಾಚಿ ಕಾಗದ ಒಡ್ಡಿದ. ಚಂದ್ರರಾಜಯ್ಯನವರು ತಮ್ಮ ಪ್ಯಾಡು ತೆರೆದರು. ಗಿಡ್ಡಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಹುದುಗಿಸಿಕೊಂಡು ಹಿಂದೆ ಸರಿದಳು.

“ನಾನು ಒತ್ತಕ್ಕಿಲ್ಲ.”

“ಗಿಡ್ಡಮ್ಮಾ!”

“ಹೋದ ಸಲ ಒತ್ತಿದ್ದಕ್ಕೇ ಅಲ್ವಾ ಸತ್ತಿದ್ದು? ಎರಡು ಹೆಬ್ಬೆಟ್ಟು ಕೊಟ್ಟೆ. ಒಂದನ್ನ ಪುಸ್ತಕದಾಗೆ ಹಾಕುದ್ರಿ. ಇನ್ನೊಂದ್ರಾಗೆ ನನ್ನ ದೆವ್ವ ಮಾಡುದ್ರಿ. ಇದ್ರಾಗೆ ಏನ್ ಮಾಡ್ತೀರೋ ಯಾರಿಗ್ಗೊತ್ತು?”

ನಾಲ್ಕೂ ನಲವತ್ತಾರು. ಸುಬ್ಬರಾಮಯ್ಯನವರು ಗಡಿಯಾರ ನೋಡಿದರು, ಪೆನ್ನಿನ ಮುಚ್ಚಳ ತೆಗೆದರು. ಒತ್ತಮ್ಮಾ ಒತ್ತು ಎಂದು ಟೈಪಿಸ್ಟೂ ಜವಾನನೂ ಒಟ್ಟಿಗೆ ಬಾಯಿ ಮಾಡಿದರು. ಅವಳು ಗೋಡೆಗೆ ಒತ್ತಿಕೊಂಡು ನಿಂತುಬಿಟ್ಟಳು. ಇಪ್ಪತ್ತೆರಡು ವರ್ಷದಲ್ಲಿ ಚಂದ್ರರಾಜಯ್ಯನವರು ಯಾವ ಅರ್ಜಿದಾರರ ಮುಂದೂ ಕೈ ಮುಗಿದವರಲ್ಲ. ಈಗ ಮುಗಿದರು.

“ತಪ್ಪಾಯ್ತು ಗಿಡ್ಡಮ್ಮಾ. ನನ್ನಿಂದ ಬಹಳ ದೊಡ್ಡ ತಪ್ಪಾಯ್ತು. ನಿನ್ನ ಹೆಸರು ಆಟದ ಸಾಮಾನಲ್ಲ. ನಾನು ಆಟ ಆಡಿಬಿಟ್ಟೆ.”

“ದೆವ್ವ ಮಾಡಕ್ಕೆ ನಾನೇ ಸಿಕ್ಕಿದ್ನಾ ನಿಮ್ಗೆ?”

“ಎದುರಿಗೆ ನೀನೇ ಕೂತಿದ್ದೆ.”

ಗಿಡ್ಡಮ್ಮ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಸರಿ, ಅದ್ರಾಗೇನೈತೆ ಅಂತ ಮೊದ್ಲು ಓದಿ. ನಂಗೆ ತಿಳಿಯೋ ಹಂಗೆ ಓದಿ. ಆಮೇಲೆ ಒತ್ತೋ ಮಾತು.”

ಚಂದ್ರರಾಜಯ್ಯನವರು ಓದಿದರು. ‘ಸದರಿ’ ಬಂದ ಕಡೆಯೆಲ್ಲ ನಿಲ್ಲಿಸಿ ‘ಅಂದ್ರೆ ನೀನು’ ಎಂದರು. ‘ವಜಾ’ ಎಂದರೆ ಕೊಡಲ್ಲ ಅಂತ ಎಂದರು. ‘ಖುದ್ದು’ ಎಂದರೆ ನೀನೇ ಬಂದು ನಿನ್ನ ಕೈಯಾರೆ ತಗೊಂಡೆ, ನೀನು ಬದುಕಿದೀಯ ಅಂತ ಎಂದರು. ಅಲ್ಲಿ ಗಿಡ್ಡಮ್ಮ ತಡೆದಳು.

“ಅದನ್ನ ಇನ್ನೊಂದ್ ಸಲ ಓದಿ.”

ಓದಿದರು. ಗಂಟೆ ನಾಲ್ಕೂ ಐವತ್ತೈದು. ಗಿಡ್ಡಮ್ಮ ಸೆರಗಿನಿಂದ ಕೈ ತೆಗೆದು, ಹೆಬ್ಬೆರಳನ್ನು ಶಾಯಿಗೆ ಅದ್ದಿ, ತಾನೇ ಜಾಗ ನೋಡಿಕೊಂಡು ಒತ್ತಿದಳು. ಸುಬ್ಬರಾಮಯ್ಯನವರು ಪಟ್ಟಿಯಲ್ಲಿದ್ದ ‘ಮೃತ’ ಎಂಬುದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ಸಣ್ಣ ಸಹಿ ಮಾಡಿ, ಬುಡದಲ್ಲಿ ದೊಡ್ಡ ಸಹಿ ಮಾಡಿದರು. ಗಡಿಯಾರ ಐದು ಹೊಡೆಯಿತು. ಚಿಕ್ಕಣ್ಣ ಬಾಗಿಲು ಬಿಟ್ಟು ಒಳಗೆ ಬಂದ.

ಚಂದ್ರರಾಜಯ್ಯನವರನ್ನು ಪೊಲೀಸಿಗೆ ಕೊಡಲಿಲ್ಲ. ಇನ್ನು ಮುಂದೆ ಖಾಲಿ ಹಾಳೆಗೆ ಹೆಬ್ಬೆಟ್ಟು ಒತ್ತಿಸುವುದಿಲ್ಲ, ಬದುಕಿದವರ ಹೆಸರಿನಲ್ಲಿ ದೆವ್ವ ಬರೆಯುವುದಿಲ್ಲ ಎಂದು ಅಲ್ಲೇ ಮುಚ್ಚಳಿಕೆ ಬರೆಸಿಕೊಂಡರು. ಅದನ್ನು ಬರೆದದ್ದೂ ಅವರೇ. ಅಂಥ ಸೊಗಸಾದ ಮುಚ್ಚಳಿಕೆ ಆ ಕಚೇರಿಗೆ ಮತ್ತೆ ಬರಲಿಲ್ಲವೆಂದು ಹೇಳುತ್ತಾರೆ. ಐದರ ಬಸ್ಸು ತಪ್ಪಿ ಎರಡನೆಯ ದಿನವೂ ಉಪವಾಸವಾಯಿತು. ಮನೆಯಲ್ಲಿ ಚಂದ್ರಮತಿ ಹೊಸ ಸಂಚಿಕೆ ಹಿಡಿದು ಕಾದಿದ್ದಳು. ಅವಳ ಗೆಳತಿಯರಿಬ್ಬರೂ ಇನ್ನು ಹುಲಿಕೆರೆಯ ಕೊಳದ ದಾರಿಯಲ್ಲಿ ಹೋಗುವುದೇ ಇಲ್ಲ ಎಂದಿದ್ದರಂತೆ. “ಅಪ್ಪಾ, ನೀವೇ ಬರೆದಿದ್ದಾ ಇದನ್ನ?” ಎಂದಳು, ಕಣ್ಣು ಅರಳಿಸಿಕೊಂಡು. “ಇಲ್ಲಮ್ಮಾ, ಗಿಡ್ಡಮ್ಮ ಹೇಳಿದ್ದು. ನಾನು ಅಕ್ಷರ ಅಷ್ಟೆ,” ಎಂದರು ಚಂದ್ರರಾಜಯ್ಯ. ಹೇಳುವಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಹಸಿವು ಇರಬಹುದು ಎಂದುಕೊಂಡರು.

ಸೋಮವಾರ ಹಕ್ಕುಪತ್ರ ಕೊಟ್ಟರು. ಗಿಡ್ಡಮ್ಮ ಮಹಡಿ ಇಳಿದು, ಕಾಗದವನ್ನು ಮಡಿಸಿ ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡು, ಹೊಂಗೆ ಮರದ ಹತ್ತಿರ ಬಂದಳು. ಚಂದ್ರರಾಜಯ್ಯನವರು ಎದ್ದು ನಿಂತರು.

“ಈಗ ಸಮಾಧಾನವಾ ಗಿಡ್ಡಮ್ಮಾ?”

“ಸಮಾಧಾನ ಸ್ವಾಮಿ. ನಿನ್ನೇನೇ ಹೋಗಿ ಜಾಗ ನೋಡ್ಕಂಬಂದೆ. ಬರೀ ಕಲ್ಲು. ಸಂಜೆಗಂಟ ಆರಿಸಿದೆ.” ಅವಳ ಬೆರಳೆಲ್ಲ ತರಚಿತ್ತು. “ಇಷ್ಟು ದಿನ ಕೊಟ್ಟಿಗೇಲಿ ಮಲಗಿದ್ರೆ ಒಂದೇ ಭಯ ನಂಗೆ. ಇಲ್ಲೇ ಜೀವ ಹೋದ್ರೆ, ಹೆಣ ಎತ್ತೋಕೂ ಮುಂಚೆ ಎಮ್ಮೆ ಕಟ್ತಾರಲ್ಲಾ ಅಂತ. ಇನ್ನು ಆ ಭಯ ಇಲ್ಲ. ಸಾಯೋದಿದ್ರೆ ನನ್ನ ಜಾಗದಾಗೇ ಸಾಯ್ತೀನಿ, ನಿಧಾನಕ್ಕೆ.”

ಹುಲಿಕೆರೆಯ ಬಸ್ಸು ಬಂತು. ಗಿಡ್ಡಮ್ಮ ನುಗ್ಗಿ ಹತ್ತಿ, ಕಿಟಕಿಯ ಪಕ್ಕದ ಸೀಟು ಹಿಡಿದು ಕೂತಳು.